ಹನಿಗೆ ಸೌಟು

ಲಿಮಾ ನಗರದಂಚಿನ ಈ ಬೋಳುಗುಡ್ಡದಲ್ಲಿ
ಮಳೆಯೆಂಬುದಿಲ್ಲ, ಮಂಜು ಮಾತ್ರ.
ಜೂನ್‌ನಲ್ಲಿ ಒಣಹಾಕಿದ ಬಟ್ಟೆ
ಸೆಪ್ಟೆಂಬರಿಗೂ ಹಸಿ.

ಬೆಳಗಿನ ಜಾವ ನಾಲ್ಕಕ್ಕೆ ಸತುರ್ನೀನ, ನಾನು
ಇನ್ನೂರ ಹನ್ನೆರಡು ಮೆಟ್ಟಿಲಿಳಿದು
ಕೋಳಿ ಮಾರ್ಕೆಟ್ಟಿನ ಹಿಂಬಾಗಿಲಲ್ಲಿ ನಿಲ್ಲುತ್ತೇವೆ,
ಮುಚ್ಚಳವಿರುವ ಎರಡು ಬಕೆಟ್ಟು ಹಿಡಿದು.
ತೊಡೆಗೆ ಬೆಲೆಯಿದೆ, ರೆಕ್ಕೆಗೆ ಬೆಲೆಯಿದೆ,
ಉಗುರಿರುವ ಕಾಲಿಗೂ ಈಚೆಗೆ ಬೆಲೆ ಬಂದಿದೆ.
ರಕ್ತಕ್ಕಿಲ್ಲ.
ಫೌಸ್ತೀನೋ ನಮ್ಮ ಮುಖ ನೋಡದೆ ಸುರಿಯುತ್ತಾನೆ.
ಒಮ್ಮೊಮ್ಮೆ ಮುಚ್ಚಳದ ಮೇಲೊಂದು ಕಟ್ಟು
ಈರುಳ್ಳಿಸೊಪ್ಪು ಇಟ್ಟಿರುತ್ತಾನೆ,
ಅದರ ಮಾತೆತ್ತಬಾರದು.

ಹತ್ತುವಾಗ ಮೆಟ್ಟಿಲು ಹೆಚ್ಚಾಗುತ್ತವೆ.
ನೂರಾ ನಲವತ್ತನೆಯದರಲ್ಲಿ ಸತುರ್ನೀನ ಕೂತು ಬೈಯುತ್ತಾಳೆ:
ಮೇಯರನ್ನು, ಮೊಮ್ಮಕ್ಕಳ ಅಪ್ಪನನ್ನು, ನನ್ನನ್ನು,
ಈ ಗುಡ್ಡಕ್ಕೆ ಮೊದಲು ಚಾಪೆ ಹೊತ್ತುತಂದು
ನಾಲ್ಕು ಗೂಟ ಹೊಡೆದ ತನ್ನನ್ನೇ.
ಬೈದು, ಹಗುರಾಗಿ ಏಳುತ್ತಾಳೆ.

ಹೋದ ವರ್ಷ ಆಸ್ಪತ್ರೆಯವರು ಬಂದಿದ್ದರು,
ಬಿಳಿ ಕೋಟು, ಮಡಿಸುವ ಮೇಜು.
ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬೆರಳು ಚುಚ್ಚಿ
ಒಂದೊಂದು ಹನಿ ತೆಗೆದುಕೊಂಡರು.
ಯಂತ್ರ ಒಂಬತ್ತೆಂದಿತು, ಎಂಟೂವರೆ ಎಂದಿತು.
ನಿಲ್ದಾಳ ಮಗಳು ಯಾಡಿರಾಗೆ ಏಳು.
ಸೂಜಿ ಚುಚ್ಚಿದಾಗಲೂ ಅವಳು ಕೈ ಎಳೆದುಕೊಳ್ಳಲಿಲ್ಲ.
"ಅಳುವುದೇ ಇಲ್ಲವಲ್ಲ," ಎಂದಳು ನಿಲ್ದಾ,
"ಒಳ್ಳೆಯ ಮಗು ಅಂದುಕೊಂಡಿದ್ದೆ."

ಹನಿ ಒಯ್ದರು. ಸೌಟು ನಮಗೆ ಬಿಟ್ಟರು.
ಒಂದು ಕಾಗದ ಕೊಟ್ಟರು, ಮಾಂಸದ, ಹಣ್ಣಿನ
ಬಣ್ಣದ ಚಿತ್ರಗಳಿದ್ದದ್ದು.
ಹಿಂಬದಿ ಖಾಲಿಯಿತ್ತು; ಅಲ್ಲಿ ಪಾಳಿ ಬರೆದೆವು:
ಸೋಮವಾರ ಯಾರ ಸೌದೆ, ಮಂಗಳವಾರ ಯಾರ ಡ್ರಮ್ಮಿನ ನೀರು.
ಹಂಡೆ ಮಾತ್ರ ಯಾವತ್ತೂ ನನ್ನದೇ.
ಮದುವೆಯೂಟಕ್ಕೆಂದು ಕೊಂಡದ್ದು.
ಮದುವೆ ಮುರಿಯಿತು, ಹಂಡೆ ಗಟ್ಟಿಯಾಗಿದೆ.

ರಕ್ತ ಉಪ್ಪುನೀರಲ್ಲಿ ಕುದಿದರೆ ಗಡ್ಡೆಗಟ್ಟುತ್ತದೆ.
ಅದನ್ನು ಪುಡಿಮಾಡಿ, ಈರುಳ್ಳಿ, ಪುದೀನ,
ಹಳದಿ ಮೆಣಸಿನಕಾಯಿಯೊಡನೆ ಹುರಿದು
ಆಲೂಗಡ್ಡೆಯ ಹೊಟ್ಟೆಯೊಳಗೆ ಬಚ್ಚಿಟ್ಟೆವು.
ಮೊದಲ ದಿನ ಎಡಿಲ್ಬೆರ್ತೋ ಉಗುಳಿದ.
ಎರಡನೆಯ ದಿನ ಇಡೀ ಸಾಲು ಉಗುಳಿತು.
ಹಸಿದ ಮಗು ಏನಾದರೂ ತಿನ್ನುತ್ತದೆ ಎನ್ನುವವರು
ಹಸಿದ ಮಗುವಿಗೆ ಬಡಿಸಿದವರಲ್ಲ.

ಸತುರ್ನೀನ ಅವರೆದುರೇ ನೆಲಕ್ಕೆ ಕೂತು
ತಾನೊಂದು ತಟ್ಟೆ ಹಾಕಿಕೊಂಡಳು.
ಕತೆ ಹೇಳಲಿಲ್ಲ, ಚಂದಮಾಮನ ತೋರಿಸಲಿಲ್ಲ
(ಈ ಮಂಜಲ್ಲಿ ಚಂದಮಾಮ ಎಲ್ಲಿ?).
ಹಲ್ಲಿಲ್ಲದ ಕಡೆಯಿಂದ ಹಲ್ಲಿರುವ ಕಡೆಗೆ
ತುತ್ತು ತಳ್ಳಿ ತಳ್ಳಿ, ಬೆರಳು ನೆಕ್ಕಿ,
ಎದ್ದು ಹೋದಳು.
ಮರುದಿನವೂ ಹಾಗೆಯೇ.
ಅದರ ಮರುದಿನ ಯಾಡಿರಾ ಸದ್ದಿಲ್ಲದೆ ಬಂದು
ಅವಳ ತಟ್ಟೆಗೇ ಕೈಹಾಕಿದಳು.

ಇವತ್ತು ಬಿಳಿ ಕೋಟು ಮತ್ತೆ ಬಂದಿದೆ, ಅದೇ ಮೇಜು.
ವಹಿ ಹಿಡಿದು ನಾನು ಹೆಸರು ಕೂಗುತ್ತಿದ್ದೇನೆ.
ಎಡಿಲ್ಬೆರ್ತೋ, ಹತ್ತೂವರೆ. ಅವನ ತಂಗಿ, ಹತ್ತು.
ಇಬ್ಬರು ಒಂಬತ್ತರಿಂದ ಮೇಲೇಳಲಿಲ್ಲ; ಅದನ್ನೂ ಬರೆದಿದ್ದೇನೆ.
ಯಾಡಿರಾ ಸೂಜಿ ನೋಡಿದಳು.
ನೋಡಿ, ಬಾಯಿಬಿಟ್ಟು, ಗುಡ್ಡವೇ ತಿರುಗಿ ನೋಡುವ ಹಾಗೆ ಕಿರುಚಿ,
ನರ್ಸಿನ ಮಣಿಕಟ್ಟು ಕಚ್ಚಿ,
ಮೇಜು ಉರುಳಿಸಿ ಓಡಿದಳು.

ನಿಲ್ದಾ ಒಂದೇಸಮ ಕ್ಷಮೆ ಕೇಳುತ್ತಿದ್ದಾಳೆ,
ನಗು ಕಾಣದಂತೆ ಏಪ್ರನ್ನಿನ ಅಂಚು ಬಾಯಿಗೊತ್ತಿಕೊಂಡು.
ಯಾಡಿರಾಳ ಅಂಕಣ ಖಾಲಿ ಬಿಟ್ಟಿದ್ದೇನೆ.
ಸತುರ್ನೀನ ಆಗಲೇ ಬೈಯುತ್ತ ಇಳಿಯುತ್ತಿದ್ದಾಳೆ,
ಹುಡುಗಿ ಎಷ್ಟನೇ ಮೆಟ್ಟಿಲಲ್ಲಿದ್ದಾಳೋ.