ಮೂರನೆಯ ಗೂಡು ಸತ್ತಿದೆ

ಮೇಜಿನ ಮೇಲೆ ಹಳೇ ಟವೆಲ್ಲು ಹಾಸಿ
ಮಾಕ್ವಾಲಾ ಇದ್ದಬದ್ದದ್ದನ್ನೆಲ್ಲ ಇಟ್ಟಳು:
ಹತ್ತು ವರ್ಷ ಬೆವರಿದ ಪ್ರೊಸೆಸರ್,
ನೆತ್ತಿಯಲ್ಲಿನ್ನೂ ಒಣಗಿದ ಪೇಸ್ಟು,
ಗೊರಕೆ ಹೊಡೆಯುವ ಪವರ್ ಸಪ್ಲೈ,
ಒಂದು ಕಡೆಯ ತಗಡು ಕಳೆದ ಡಬ್ಬ,
ಮತ್ತೆ ಮೆಮೊರಿಯ ನಾಲ್ಕು ಪಟ್ಟಿ,
ನಾಲ್ಕೂ ನಾಲ್ಕು ಮನೆಯವು.

ಒಂದು, ಪೋಲೆಂಡಿಗೆ ಹೋಗುವಾಗ ತಮ್ಮ ತಮಾಜ್ ಬಿಟ್ಟದ್ದು.
ಒಂದು, ಶಾಲೆಯವರು ಗುಜರಿಗೆ ಹಾಕಿದ್ದು.
ಒಂದು, ಕೆಳಮಹಡಿಯ ಲಾಮಾರಾ ತಂದಿತ್ತದ್ದು,
ಬಾಲ್ಕನಿಯ ನಕ್ಷೆಗೆ ಮುಂಗಡ,
ಜೊತೆಗೊಂದು ಸೀಸೆ ಹುಳಿ ಪ್ಲಮ್ಮಿನ ಗೊಜ್ಜು.
ನಾಲ್ಕನೆಯದು ಓತಾರನದು.
ಅದರ ಬಗ್ಗೆ ಅವಳು ಮಾತಾಡುವುದಿಲ್ಲ.

ಇವನ್ನೆಲ್ಲ ಕೂರಿಸಿಕೊಳ್ಳುವ ಹಲಗೆಯೊಂದೇ ಇಲ್ಲ.
ಹಳೆಯದು ನವೆಂಬರಿನಲ್ಲಿ,
ಲಾಮಾರಾಳ ಕಂಬ ಅರ್ಧ ಎಳೆದಿರುವಾಗಲೇ,
ಮೀನು ಸೀದ ವಾಸನೆ ಬಿಟ್ಟು ಹೋಯಿತು.

ಇಲ್ಲಿ ತಾಯಿಗೆ ದೆದಾ ಎನ್ನುತ್ತಾರೆ.
(ಮಾಮಾ ಎಂದರೆ ಅಪ್ಪ. ನಗಬೇಡಿ, ಟಿಬಿಲಿಸಿಯಲ್ಲಿ ಹಾಗೇ.)
ರಾಜಧಾನಿ ತಾಯೂರು, ಮನೆಯ ನಡುಗಂಬ ತಾಯಿಗಂಬ,
ಮದರ್‌ಬೋರ್ಡೂ ದೆದಾಪ್ಲಾಟಾ.
ಭಾರ ಹೊರುವುದಕ್ಕೆಲ್ಲ ಅಮ್ಮನ ಹೆಸರಿಟ್ಟು
ಕೈತೊಳೆದುಕೊಳ್ಳುವುದು
ಯಾವ ಊರಿನಲ್ಲೂ ಅಗ್ಗದ ದಾರಿ.

ಕೈಯಲ್ಲಿ ತೊಂಬತ್ತು ಲಾರಿ.
(ಲಾರಿ ಎಂದರೆ ಇಲ್ಲಿ ದುಡ್ಡು;
ತಮಾಜ್ ಓಡಿಸುವುದು ಮಾತ್ರ ನಿಜವಾದದ್ದು.)
ಹೊಸ ಹಲಗೆ ಕೊಂಡರೆ ಹೊಸ ಪ್ರೊಸೆಸರ್,
ಹೊಸ ಪ್ರೊಸೆಸರಿಗೆ ಹೊಸ ಮೆಮೊರಿ,
ಗುಂಡಿ ಸಿಕ್ಕಿತೆಂದು ಕೋಟು ಹೊಲಿಸಿದ ಹಾಗೆ.

ಎಲಿಯಾವ ಸಂತೆಯ ಕೊನೆಗೆ, ಕಾರಿನ ಸೈಲೆನ್ಸರುಗಳ ಆಚೆ,
ಜುಂಬೇರನ ತಗಡಿನಂಗಡಿ.
ಒಂದು ಕಣ್ಣಿಗೆ ಗಡಿಯಾರ ರಿಪೇರಿಯ ಭೂತಗಾಜು.
ಎರಡು ಹಲಗೆ ತೆಗೆದಿಟ್ಟ.

ಮೊದಲನೆಯದು ಅರವತ್ತೈದು.
ಹೊಚ್ಚ ಹೊಸದು, ಹೆಸರಿಲ್ಲ, ಮೂರು ತಿಂಗಳ ಗ್ಯಾರಂಟಿ.
ಮೆಮೊರಿಗೆ ಗೂಡು ಎರಡೇ.

ಎರಡನೆಯದು ತೊಂಬತ್ತು.
ಯಾವುದೋ ಬ್ಯಾಂಕಿನ ಕೌಂಟರಿನಡಿ ದುಡಿದು ಬಂದದ್ದು.
ಗೂಡು ನಾಲ್ಕು.
‘ಮೂರನೆಯದು ಸತ್ತಿದೆ’ ಅಂದ, ಅವಳು ಕೇಳುವ ಮೊದಲೇ.
‘ಸಾಕೆಟ್ಟಿನಲ್ಲೊಂದು ಕಾಲು ಬಾಗಿತ್ತು,
ಹೆಂಡತಿಯ ಸೂಜಿಯಲ್ಲಿ ಎಬ್ಬಿಸಿದ್ದೇನೆ. ನಿಂತಿದೆ.
ಗ್ಯಾರಂಟಿ? ಈ ಬಾಗಿಲವರೆಗೆ.’

ಭೂತಗಾಜು ಇಸಕೊಂಡು ನೋಡಿದಳು.
ಸಾವಿರದ ನೂರೈವತ್ತೈದು ಕಾಲು,
ಒಂದೇ ಗಾಳಿಗೆ ಬಾಗಿದ ಪೈರು;
ಒಂದು ಮಾತ್ರ ನಿದ್ದೆಗಣ್ಣಲ್ಲಿ ಎದ್ದು ನಿಂತಂತೆ.

ಅವಳ ಕಸುಬೇ ಅದು.
ಐದನೆಯ ಮಹಡಿಗೆ ಕಬ್ಬಿಣದ ಕಂಬ ಕೊಟ್ಟು
ಇಲ್ಲದ ಕೋಣೆಯೊಂದನ್ನು ಗಾಳಿಯಲ್ಲಿ ಹೂಡುವುದು,
ಹಳೇ ಗೋಡೆ ಎಷ್ಟು ತಡೆದೀತೆಂದು
ಬೆರಳ ಗೆಣ್ಣಿನಿಂದ ಬಡಿದು ಕೇಳುವುದು.
ಹಲಗೆಯನ್ನೂ ಬಡಿದಳು.
ಜುಂಬೇರ್ ನಕ್ಕ. ಅವಳು ನಗಲಿಲ್ಲ.

ಎರಡು ಗೂಡಾದರೆ ಇಬ್ಬರನ್ನು ಹೊರಗಿಡಬೇಕು.
ಮೂರಾದರೆ ಒಬ್ಬನನ್ನು.
ಆ ಒಬ್ಬ ಯಾರೆಂದು ಗೊತ್ತೇ ಇತ್ತು.
ತೊಂಬತ್ತೂ ಎಣಿಸಿಕೊಟ್ಟಳು.

ಅವಳ ಕಟ್ಟಡದ ಲಿಫ್ಟು ಕಾಸು ಹಾಕದೆ ಏಳುವುದಿಲ್ಲ.
ಜೇಬು ಮಗುಚಿದರೆ ಬರೀ ದಾರದ ಉಂಡೆ.
ಪತ್ರಿಕೆಯಲ್ಲಿ ಸುತ್ತಿದ್ದನ್ನು ಎದೆಗವಚಿ
ಎಂಟು ಮಹಡಿ.
ಏಳನೆಯದರಲ್ಲಿ ಲಾಮಾರಾ ಬಾಗಿಲು ತೆರೆದು
‘ಬಿಸಿ ಬ್ರೆಡ್ಡಾ?’ ಅಂದಳು.
‘ಅಲ್ಲ, ಅಮ್ಮ’ ಅಂದಳು ಇವಳು, ಉಸಿರಿಲ್ಲದೆ.

ಶಾಲೆಯದು ಕೂತಿತು. ಲಾಮಾರಾಳದು ಕೂತಿತು.
ತಮಾಜನದು ಇಟ್ಟರೆ ಮೂರು ಸಲ ಕೂಗು, ಪರದೆ ಕಪ್ಪು.
ತೆಗೆದು ರಬ್ಬರಿನಿಂದ ಉಜ್ಜಿ ಮತ್ತೆ ಇಟ್ಟಳು.
ಮೂರು ಕೂಗು.
ತಮ್ಮನ ವಸ್ತು. ಇನ್ನೊಮ್ಮೆ ಇಟ್ಟಳು.

ಹನ್ನೊಂದು ಗಂಟೆಗೆ, ಬೈಯುತ್ತಲೇ,
ಟವೆಲ್ಲಿನ ಮೇಲುಳಿದದ್ದನ್ನು ಒತ್ತಿದಳು.

ಒಂದೇ ಕೂಗು.
ಹಾಳಾದದ್ದು, ಎದ್ದಿತು.

ಪರದೆಯ ಮೂಲೆಯಲ್ಲಿ ತಾರೀಕು
ಹನ್ನೆರಡು ವರ್ಷ ಹಿಂದಿನದು.
ಗಡಿಯಾರದ ಬ್ಯಾಟರಿ ಸತ್ತಿತ್ತು;
ಅದನ್ನು ಮಾತ್ರ ಜುಂಬೇರ್ ಹೇಳಿರಲಿಲ್ಲ.

ಒಂದಿಷ್ಟು ಹೊತ್ತು ನೋಡಿದಳು.
ತಾರೀಕು ಆಮೇಲೆ ತಿದ್ದಿದರಾಯಿತು,
ಮೊದಲು ಲಾಮಾರಾಳ ಕಂಬ.