ಎಕೋ ಕೋಣೆಯಲ್ಲಿ ಬುಡೇನ್ ಸಾಬರು

ತಣ್ಣನೆ ಜೆಲ್ಲಿಗೆ ಮೈ ಜುಮ್ಮೆಂದು
ಎಡಮಗ್ಗುಲಾದರು ಬುಡೇನ್ ಸಾಬರು.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ
ಮೂವತ್ತು ವರ್ಷ ಪಂಪು ಬಿಚ್ಚಿ ಕಟ್ಟಿದ ಕೈ
ಈಗ ತಲೆಯಡಿ.

ಪರದೆಯಲ್ಲಿ ಬೂದು ಬೆಳಕು, ನಾಲ್ಕು ಕೋಣೆ.
ತೆಳ್ಳನೆ ಎಸಳೆರಡು ತೆರೆದು, ಮುಚ್ಚಿ, ತೆರೆದು...
"ನಮ್ಮ ಫುಟ್‌ವಾಲ್ವೇ ಅಲ್ಲೇನವ್ವಾ ಇದು?
ಏರಿದ್ದು ಹಿಂದಕ್ಕೆ ಇಳೀಬಾರ್ದು, ಅಷ್ಟೇ."

ಹೌದು ಅಂದೆ. ಲಬ್ ಡಬ್ ಅನ್ನುವುದೂ
ಕದ ಮುಚ್ಚಿಕೊಳ್ಳುವ ಸದ್ದೇ.
ನಿಮಿಷಕ್ಕೆ ಐದು ಲೀಟರು.
ಸಾಬರ ತುಟಿ ಲೆಕ್ಕ ಹಾಕಿತು: ಗಂಟೆಗೆ ಮುನ್ನೂರು.
"ಅರ್ಧ ಎಚ್‌ಪಿ ಮೋಟ್ರೂ ಬ್ಯಾಡ. ಆದ್ರೆ
ಅರವತ್ತೆರಡು ವರ್ಷ, ವೈಂಡಿಂಗ್ ಸುಡದಂಗೆ!
ಇದು ಉಣ್ಣೋದು ಯಾವಾಗ?"

ಪರೀಕ್ಷೆಗೆಂದು ಉರುಹೊಡೆದದ್ದು
ನಾಲಿಗೆಗೆ ಹೊಸದಾಗಿ ಬಂತು:
ಊರಿಗೆಲ್ಲ ಬಡಿಸುವಾಗ ತಾನು ಉಣ್ಣಲಾರದು, ಸಾಬ್ರೇ,
ಬಿಗಿದ ಸ್ನಾಯು ತನ್ನ ನಾಳಗಳನ್ನೇ ಹಿಸುಕುತ್ತದೆ.
ಸಡಿಲಾದಾಗ, ಎರಡು ಬಡಿತದ ನಡುವೆ, ಅದರ ತುತ್ತು.
ಓಡಿದಷ್ಟೂ ಆ ಬಿಡುವು ಕಿರಿದು.

ಅವರು ಸುಮ್ಮನಾದರು.
ಪರದೆ ಮಾತ್ರ ತೆರೆದು, ಮುಚ್ಚಿ.

"ನಮ್ಮ ಮಾಬೂಬಿನೂ ಹಂಗೇ.
ಒಂದು ಒಬ್ಬೆ ಹುರಿದು, ಇನ್ನೊಂದಕ್ಕೆ ಮರಳು
ಕಾಯೋದರೊಳಗೆ, ನಿಂತೇ ಉಣ್ತಾಳೆ."

ಜೆಲ್ಲಿ ಒರೆಸಿಕೊಳ್ಳುತ್ತ ಬಾಗಿಲತ್ತ ನೋಡಿದರು:
"ಹೊರಗೆ ಬೆಂಚಲ್ಲಿ ಕೂತಾಳೆ.
ಅವಳದ್ದೂ ಒಂಚೂರು ನೋಡ್ತೀಯೇನವ್ವಾ?"