ಹನ್ನೊಂದರವರೆಗೆ

ಬೆಳಿಗ್ಗೆ ಕೀಲಿ ತಿರುಗಿಸಿದರೆ
ಹನ್ನೊಂದು ಎಣಿಸಬೇಕಿತ್ತು ಎರ್ರಿಸ್ವಾಮಿ,
ಆಯಿಲ್ ಮೀಟರಿನ ಮುಳ್ಳು ಏಳಲು.
ಅಷ್ಟು ಹೊತ್ತೂ ಟಪೆಟ್ಟುಗಳು
ಒಣ ಹಲ್ಲು ಕಡಿಯುತ್ತಿದ್ದವು.
ರಾತ್ರಿಯೆಲ್ಲ ಎಣ್ಣೆ ಫಿಲ್ಟರಿನ ಬಟ್ಟಲು ಬಿಟ್ಟಿಳಿದು
ತಳದಲ್ಲಿ ಮಲಗಿಬಿಡುತ್ತಿತ್ತಲ್ಲ,
ಎಬ್ಬಿಸಲು ಅಷ್ಟು ಬೇಕು.

ಅರವತ್ತಾರರ ಅಂಬಾಸಿಡರ್,
ಮದುವೆಗೆ ಬಾಡಿಗೆ ಹೋಗುವ ಗಾಡಿ.
ಹೋದ ಚಪ್ಪರದೆದುರೆಲ್ಲ
ಒಂದು ಕಪ್ಪು ಬೊಟ್ಟು ಬಿಟ್ಟು ಬರುತ್ತಿತ್ತು.
"ದೃಷ್ಟಿ ಬೊಟ್ಟು ಬಿಡ್ರಿ" ಅಂದು ನಗಿಸುತ್ತಿದ್ದ.
ಮೋಕಾ ರಸ್ತೆಯ ಹೊಸ ಮಂಟಪದವರು
ಬಿಳಿ ಟೈಲ್ಸ್ ತೋರಿಸಿದರು,
ನಗಲಿಲ್ಲ.

ಕೌಲ್ ಬಜಾರಿನ ಹೊನ್ನೂರ್ ಸಾಬ್
ಅಡಿಗೆ ತೂರಿ, ಉದ್ದನೆಯ ಬೋಲ್ಟು ಬಿಚ್ಚಿ
ಬಟ್ಟಲು ಇಳಿಸಿದ.
ತೋಡಿನೊಳಗಿನ ರಬ್ಬರ್ ಉಂಗುರವನ್ನು
ದಬ್ಬಣದಿಂದ ಎಬ್ಬಿದರೆ ಅದರಡಿ ಇನ್ನೊಂದು,
ಅದರಡಿ ಮತ್ತೊಂದು, ಕಲ್ಲಾಗಿತ್ತು.
ಅವಸರದ ಮೂವರು ಮೇಸ್ತ್ರಿಗಳು
ಒಬ್ಬರ ಮೇಲೊಬ್ಬರು ಕೂತಿದ್ದರು ಅಲ್ಲಿ.
"ಒಂದು ನಂದೇ ಇರಬೇಕು" ಎಂದ ಸಾಬ್,
ಯಾವುದೆಂದು ಹೇಳಲಿಲ್ಲ.

ಬಟ್ಟಲ ತಳದಲ್ಲಿ ಕೆಸರು,
ಕಪ್ಪಿನೊಳಗೆ ಕೆಂಪು.
ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದೆ.
ಅರ್ಧ ಮುಳ್ಳು ಮುಳ್ಳಾಗಿ ಎದ್ದಿತು,
ಅರ್ಧ ಅಲ್ಲೇ ಕೂತಿತು.
"ಎದ್ದದ್ದು ಎಂಜಿನ್ನಿಂದು,
ಏಳದ್ದು ಸಂಡೂರು ಗುಡ್ಡದ್ದು."
ಅದಿರಿನ ಲಾರಿಗಳ ಬೆನ್ನು ಹಿಡಿದು
ಇಷ್ಟು ವರ್ಷ ಓಡಿ
ಗಾಡಿ ನುಂಗಿದ್ದು ಒಂದು ಚಮಚ;
ಮಿಕ್ಕಿದ್ದು ಹಡಗು ಹತ್ತಿತು.

ಲೇತು ನನ್ನದು. ನನಗೆ ಹೇಳಿದ್ದಿಷ್ಟೇ:
"ತಂಗಿ, ಬ್ಲಾಕಿಗೆ ಹೊಸಾ ತೂತು ಒಂದೂ ಬೀಳಬಾರ್ದು.
ನಾಳೆ ಯಾರಾದ್ರೂ ಹಳೇದೇ ಬೇಕಂದ್ರೆ
ಹಳೇದು ಹಂಗೇ ಕೂಡಬೇಕು."
ಅಲ್ಯೂಮಿನಿಯಂ ದಿಮ್ಮಿ, ಮೂರು ತಾಸು,
ಎರಡು ಸಲ ಕರೆಂಟು ಹೋಯಿತು.
ಮೊದಲನೆಯದು ಕೆಟ್ಟಿತು, ತೋಡು ಕೂದಲೆಳೆಯಷ್ಟು ಆಳ.
ಎರಡನೆಯದಕ್ಕೆ ಉಸಿರು ಹಿಡಿದು ತ್ರೆಡ್ಡು ಹಾಕಿದೆ,
ಮುಕ್ಕಾಲಿಂಚು ದಪ್ಪ, ಇಂಚಿಗೆ ಹದಿನಾರು ಸುತ್ತು.
ಹೋಗುವ ಎಣ್ಣೆಗೆ ಅಂಚಿನಲ್ಲಿ ಆರು ಕಿಂಡಿ,
ಸೋಸಿ ಬರುವುದಕ್ಕೆ ನಡುವೆ ಒಂದೇ ಬಾಗಿಲು.

ಬಟ್ಟಲಿದ್ದ ಜಾಗಕ್ಕೆ ಈಗ
ಕೈಯಲ್ಲೇ ತಿರುಗಿಸುವ ಡಬ್ಬಿ ಫಿಲ್ಟರು.
ಅಂಚಿಗೆ ಬೆರಳಿನಿಂದ ಎಣ್ಣೆ ಸವರಿ,
ತಾಕಿದ ಮೇಲೆ ಮುಕ್ಕಾಲು ಸುತ್ತು, ಸಾಕು.
ಸಾಬ್ ಪಾನಾ ಮುಟ್ಟಗೊಡಲಿಲ್ಲ.
ಒಳಗೊಂದು ರಬ್ಬರಿನ ನಾಲಿಗೆ,
ಕುಡಿದದ್ದನ್ನು ರಾತ್ರಿಯೆಲ್ಲ
ಬಾಯೊಳಗೇ ಹಿಡಿದುಕೊಂಡಿರುತ್ತದೆ.

ಮರುದಿನ ಕೋಟೆ ಬಂಡೆಗೆ ಬಿಸಿಲು ಬೀಳುವ ಹೊತ್ತಿಗೆ
ಎರ್ರಿಸ್ವಾಮಿ ಬಂದ. ಅಡಿಯಲ್ಲಿ ಹಾಸಿದ್ದ ರಟ್ಟು
ಎತ್ತಿ ನೋಡಿದ, ಮಗುಚಿ ನೋಡಿದ. ಒಣಗಿತ್ತು.
ಬಟ್ಟಲು, ಬೋಲ್ಟು, ಸ್ಪ್ರಿಂಗು
ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟ.
ಇಡುವ ಮುಂಚೆ ತಳಕ್ಕೆ ಬೆರಳಾಡಿಸಿ
ಬಂಪರಿನ ಒಳಮಗ್ಗುಲಿಗೆ,
ಯಾರ ಟೈಲ್ಸಿಗೂ ತಾಕದ ಕಡೆ,
ಒಂದು ಬೊಟ್ಟು ಇಟ್ಟ.

ಕೀಲಿ ತಿರುಗಿಸಿದ.
ಒಂದು, ಎರಡು.
ಮೂರು ಅನ್ನುವುದರೊಳಗೆ ಮುಳ್ಳು ಎದ್ದಿತ್ತು,
ಎಂಜಿನ್ನು ಸುಮ್ಮನೆ ಗುನುಗುತ್ತಿತ್ತು.
ಅವನ ತುಟಿ ಮಾತ್ರ ಆಡುತ್ತಲೇ ಇತ್ತು,
ಏಳು, ಎಂಟು…
ನಾನೂ ಸಾಬೂ ಕಾದೆವು.